ಕಳೆದುಹೋದ ಭವಿಷ್ಯಗಳು

ನಾಳಿನ ಲೋಕವನ್ನು ಘೋರವಾಗಿ ಚಿತ್ರಿಸುವ ಚಲಚ್ಚಿತ್ರಗಳ ಯೋಗ್ಯತೆಯನ್ನು ಕಾಲವೇ ತೂಗಿ ಹೇಳುವುದೆಂದು ಹಲವರ ಭಾವನೆ. 1981ರ ‘ಎಸ್ಕೇಪ್ ಫ್ರಂ ನ್ಯೂಯಾರ್ಕ್’ ಚಿತ್ರವು 1997ರ ವೇಳೆಗೆ ಮ್ಯಾನ್‌ಹಟನ್ ದ್ವೀಪವೆಲ್ಲವೂ ಒಂದು ಸೆರೆಮನೆಯಾಗಿರುವುದೆಂದು ಕಲ್ಪಿಸಿತು. 1982ರ ‘ಬ್ಲೇಡ್ ರನ್ನರ್’ 2019ರ ಲಾಸ್ ಏಂಜಲೀಸಿನ ಆಕಾಶದಲ್ಲಿ ಮೋಟಾರುಗಳನ್ನು ಹಾರಿಸಿತು. ಆ ವರ್ಷಗಳು ಬಂದುವು, ಕಳೆದುವು. ಕಲ್ಪನೆ ಕಲ್ಪನೆಯಾಗಿಯೇ ಉಳಿಯಿತು. ಹಾಗಾದರೆ ಇಂಥ ಕೃತಿಗಳಿಗೆ ಇನ್ನು ಬೆಲೆಯೇನೆಂದು ಕೇಳುವವರು ಕಲಾಕೃತಿಯನ್ನು ಪಂಚಾಂಗದಂತೆ ಓದುವವರು.

1987ರಲ್ಲಿ ಪಾಲ್ ವೆರ್ಹೋವೆನ್ ನಿರ್ದೇಶಿಸಿದ ‘ರೋಬೋಕಾಪ್’ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಬೊಕ್ಕಸ ಬರಿದಾಗಿ, ಪಾತಕಗಳಿಂದ ಜರ್ಜರಿತವಾದ ಡೆಟ್ರಾಯಿಟ್ ನಗರವು ತನ್ನ ಪೊಲೀಸ್ ಪಡೆಯ ಆಡಳಿತವನ್ನೇ ಒಂದು ವ್ಯಾಪಾರಸಂಸ್ಥೆಗೆ ಒಪ್ಪಿಸಿದೆ. ಆ ಸಂಸ್ಥೆಯಾದರೋ, ಕರ್ತವ್ಯದಲ್ಲಿ ಹತನಾದ ಮರ್ಫಿಯೆಂಬ ಪೊಲೀಸನ ದೇಹಶೇಷವನ್ನು ಲೋಹಕವಚದೊಳಗೆ ಜೋಡಿಸಿ ಅವನನ್ನು ತನ್ನ ಸೊತ್ತಾದ ಯಂತ್ರಪುರುಷನನ್ನಾಗಿ ಮಾಡಿಕೊಳ್ಳುತ್ತದೆ. ಜನರ ವಿಶ್ವಾಸಕ್ಕೆ ತಕ್ಕ ಸೇವೆ, ನಿರಪರಾಧಿಗಳ ರಕ್ಷಣೆ, ಕಾನೂನಿನ ಪಾಲನೆ ಎಂಬ ಮೂರು ವಿಧಿಗಳು ಅವನಿಗೆ ಪ್ರಕಟವಾಗಿವೆ, ನಾಲ್ಕನೆಯದು ಗುಪ್ತ. ಸಂಸ್ಥೆಯ ಹಿರಿಯ ಅಧಿಕಾರಿಯನ್ನು ಬಂಧಿಸಹೋದೊಡನೆ ಅವನ ಅಂಗಾಂಗಗಳು ಸ್ತಬ್ಧವಾಗುವುವು. ಕಾವಲಿನವನು ಎಲ್ಲರನ್ನೂ ಹಿಡಿಯಬಲ್ಲನು, ತನಗೆ ವೇತನವಿತ್ತವನ ಹೊರತು.

ಈ ವಿಧಿಯ ನಿಜವಾದ ಕ್ರೌರ್ಯ ಕಥೆಯ ಕೊನೆಯಲ್ಲಿ ಬಯಲಾಗುತ್ತದೆ. ಆ ಹಿರಿಯ ಅಧಿಕಾರಿಯೇ ಕೊಲೆಯ ಅಪರಾಧಿಯೆಂಬ ಸಾಕ್ಷ್ಯವನ್ನು ಸಭೆಯ ಮುಂದಿಟ್ಟರೂ ಮರ್ಫಿ ಅವನನ್ನು ಮುಟ್ಟಲಾರನು. ಸಂಸ್ಥೆಯ ಮುದಿ ಯಜಮಾನನು ತನ್ನ ಪ್ರಾಣಕ್ಕೇ ಕುತ್ತು ಬಂದಾಗ ಆ ಅಧಿಕಾರಿಯನ್ನು ಕೆಲಸದಿಂದ ವಜಾಮಾಡಿದ ಮೇಲೆಯೇ ಮರ್ಫಿಯ ಕೈ ಏಳುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಖಳನು ಸತ್ತನೇ ಹೊರತು ವಿಧಿ ಅಳಿಯಲಿಲ್ಲ, ಯಜಮಾನನ ಪೀಠವೂ ಅಲುಗಲಿಲ್ಲವೆಂಬುದು ಆ ಸದ್ದಿನಲ್ಲಿ ಮರೆಯಾಗುತ್ತದೆ. ನ್ಯಾಯ ಅಲ್ಲಿ ದೊರೆತದ್ದು ಹಕ್ಕಾಗಿ ಅಲ್ಲ, ಒಡೆಯನ ಅನುಮತಿಯಾಗಿ.

ಚಿತ್ರದ ಹಿಂಸೆ ಅತಿಯಾಯಿತೆಂಬ ಆಕ್ಷೇಪ ನಿರಾಧಾರವಲ್ಲ. ಅಮೆರಿಕದ ವರ್ಗೀಕರಣ ಮಂಡಲಿಯನ್ನು ಒಪ್ಪಿಸಲು ಅದನ್ನು ಮತ್ತೆ ಮತ್ತೆ ಕತ್ತರಿಸಬೇಕಾಯಿತು. ಆದರೆ ಆಡಳಿತ ಸಭೆಯಲ್ಲಿ ಪರೀಕ್ಷೆಗೆಂದು ತಂದ ಯಂತ್ರವು, ಪಿಸ್ತೂಲನ್ನು ಕೆಳಗೆ ಹಾಕಿದ ತರುಣ ನೌಕರನನ್ನು ಎಲ್ಲರೆದುರಿಗೇ ಛಿದ್ರಗೊಳಿಸಿದಾಗ, ನಮ್ಮನ್ನು ನಡುಗಿಸುವುದು ರಕ್ತಕ್ಕಿಂತ ಹೆಚ್ಚಾಗಿ ಆ ಸಾವನ್ನು ಯೋಜನೆಯೊಂದರ ಹಿನ್ನಡೆಯೆಂದಷ್ಟೇ ಎಣಿಸುವ ಅಧಿಕಾರಿಗಳ ಸಮಾಧಾನ. ರಕ್ತವನ್ನು ಇನ್ನಷ್ಟು ಕಡಮೆ ಮಾಡಿದ್ದರೆ ಆ ಸಮಾಧಾನದ ಹೇಯತೆಯೂ ಕಡಮೆಯಾಗುತ್ತಿತ್ತು. ಫಿಲ್ ಟಿಪ್ಪೆಟ್ ಬೊಂಬೆಯನ್ನು ಚೌಕಟ್ಟು ಚೌಕಟ್ಟಾಗಿ ಸರಿಸಿ ನಡೆಯಿಸಿದ ಆ ಯಂತ್ರದ ತಡವರಿಕೆಯ ನಡಿಗೆಯೂ, ಇಂದಿನ ಕಣ್ಣಿಗೆ ಹಳತಾಗಿ ಕಂಡರೂ, ಮೆಟ್ಟಿಲಿಳಿಯಲಾರದೆ ಉರುಳುವ ಆ ಮೂಢಬಲಕ್ಕೆ ತಕ್ಕುದೇ ಆಗಿದೆ.

2013ರಲ್ಲಿ ನಿಜವಾದ ಡೆಟ್ರಾಯಿಟ್ ದಿವಾಳಿಗೆ ಅರ್ಜಿ ಸಲ್ಲಿಸಿತು. ಚಿತ್ರದ ನುಡಿ ಫಲಿಸಿತೆಂದು ಅದನ್ನು ಹೊಗಳುವುದು, ಫಲಿಸದ ಚಿತ್ರಗಳನ್ನು ತೆಗಳುವಷ್ಟೇ ದುರ್ಬಲವಾದ ವಿಮರ್ಶೆ. ಆ ನಗರ ಎಂದೆಂದಿಗೂ ಸಮೃದ್ಧವಾಗಿಯೇ ಇದ್ದಿದ್ದರೂ ನಾಲ್ಕನೆಯ ವಿಧಿಯ ಪ್ರಶ್ನೆ ಒಂದಿಷ್ಟೂ ಸವೆಯುತ್ತಿರಲಿಲ್ಲ. ಇಂಥ ಚಿತ್ರಗಳ ಬೆಲೆ ಅವು ಹೇಳಿದ ಭವಿಷ್ಯದಲ್ಲಿಲ್ಲ; ತಮ್ಮ ಕಾಲವು ಒಪ್ಪಿಕೊಳ್ಳಲು ಸಿದ್ಧವಾಗಿದ್ದ ಅನ್ಯಾಯವನ್ನು ಅವು ಎಷ್ಟು ನಿಚ್ಚಳವಾಗಿ ತೋರಿಸಿದುವೆಂಬುದರಲ್ಲಿದೆ.