ಮಲಗಿದ ಕರಡಿ, ಮಲಗಿದ ರೋಗಿ

ಶೀತನಿದ್ರೆಯ ಪ್ರಾಣಿಗಳು ತಿಂಗಳುಗಟ್ಟಲೆ ಉಣ್ಣದೆ, ಅಲುಗದೆ ಬಿದ್ದಿದ್ದರೂ ಅವುಗಳ ಸ್ನಾಯುಗಳು ಏಕೆ ಸವೆಯುವುದಿಲ್ಲವೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಮೈ ತಣ್ಣಗಾಗುತ್ತದೆ, ತಣ್ಣಗಾದುದು ಕೆಡುವುದಿಲ್ಲ. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಈ ಉತ್ತರ ಪ್ರಿಯವಾಗಬೇಕಾದುದೇ. ಆದರೂ ಇದು ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ.

ಉಷ್ಣಮಾನವು 10 ಡಿಗ್ರಿ ಇಳಿದರೆ ದೇಹದೊಳಗಿನ ಕ್ರಿಯೆಗಳ ವೇಗ ಅರ್ಧಕ್ಕೋ ಮೂರನೆಯ ಒಂದಂಶಕ್ಕೋ ಇಳಿಯುತ್ತದೆ. ಉತ್ತರ ಅಮೆರಿಕದ ನೆಲದಳಿಲಿನ ಮೈ 37 ಡಿಗ್ರಿಯಿಂದ ನಾಲ್ಕೈದು ಡಿಗ್ರಿಗೆ ಇಳಿಯುವುದರಿಂದ ಅದಕ್ಕೆ ಈ ಲೆಕ್ಕ ಒಪ್ಪೀತು. ಕರಿಯ ಕರಡಿಗೆ ಒಪ್ಪದು. (ನಮ್ಮ ದರೋಜಿಯ ಕರಡಿ ಬೇರೆ ಜಾತಿಯದು; ಅದಕ್ಕೆ ಈ ನಿದ್ರೆಯೇ ಇಲ್ಲ.) ಅಲಾಸ್ಕದಲ್ಲಿ ಮಾಡಿದ ಅಳತೆಗಳು 2011ರಲ್ಲಿ ಪ್ರಕಟವಾದುವು. ಕರಡಿಯ ಮೈ 30 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ಇಳಿದಿದ್ದರೂ ಅದರ ಜೀವವ್ಯಾಪಾರ ಕಾಲುಭಾಗಕ್ಕೆ ಕುಗ್ಗಿತ್ತು! ವಸಂತದಲ್ಲಿ ಮೈ ಬೆಚ್ಚಗಾದ ಮೇಲೂ ಕೆಲವು ವಾರ ಅದು ಅರ್ಧದಷ್ಟೇ ಇದ್ದಿತು. ತಣ್ಪು ಇಲ್ಲಿ ಯಜಮಾನನಲ್ಲ, ಆಳು.

ಇನ್ನು ಸ್ನಾಯುವಿನ ಮಾತು. 2001ರ ಒಂದು ಪರೀಕ್ಷೆಯಲ್ಲಿ ಕರಡಿಗಳು 130 ದಿನಗಳಲ್ಲಿ ಕಳೆದುಕೊಂಡ ಬಲ ನೂರಕ್ಕೆ 23ಕ್ಕಿಂತ ಕಡಿಮೆ. ಅಷ್ಟು ದಿನ ಹಾಸಿಗೆ ಹಿಡಿದ ಮನುಷ್ಯನು ಬಲದ ಬಹುಪಾಲನ್ನು ಕಳೆದುಕೊಳ್ಳುತ್ತಾನೆ.

ಪ್ರೋಟೀನು ಒಡೆದರೆ ಅದರ ಸಾರಜನಕ ಯೂರಿಯವಾಗಿ ಮೂತ್ರದಲ್ಲಿ ಹೊರಬೀಳಬೇಕಷ್ಟೆ. ವಿಸ್ಕಾನ್ಸಿನ್ನಿನ ಸಂಶೋಧಕರು ಭಾರವಾದ ಸಾರಜನಕದಿಂದ ಗುರುತು ಮಾಡಿದ ಯೂರಿಯವನ್ನು ನೆಲದಳಿಲುಗಳ ಮೈಗೆ ಸೇರಿಸಿ ಅದರ ಜಾಡನ್ನು ಹಿಡಿದರು. ಫಲಿತಾಂಶ ಬಂದುದು 2022ರಲ್ಲಿ. ಯೂರಿಯ ಕರುಳಿಗೆ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಬಿಡುಗಡೆಯಾದ ಸಾರಜನಕ ಮರಳಿ ಅಳಿಲಿನ ಪ್ರೋಟೀನಿಗೇ ಸೇರುತ್ತದೆ. ಉಪವಾಸದ ಕೊನೆಗಾಲದಲ್ಲಿ ಈ ವ್ಯಾಪಾರ ಹೆಚ್ಚು ಚುರುಕು. ಔಷಧದಿಂದ ಸೂಕ್ಷ್ಮಜೀವಿಗಳನ್ನು ತಗ್ಗಿಸಿದ ಅಳಿಲುಗಳಲ್ಲಿ ಇದು ಬಹುಮಟ್ಟಿಗೆ ನಿಂತುಹೋಯಿತು. ಕಸವೆಂದು ಎಸೆಯಬೇಕಾದುದನ್ನೇ ಬಂಡವಾಳ ಮಾಡಿಕೊಳ್ಳುವ ಈ ಜಾಣ್ಮೆಯನ್ನು ಶೈತ್ಯ ಪೆಟ್ಟಿಗೆಗೆ ಹೋಲಿಸುವುದು ನ್ಯಾಯವೆ?

ಮನುಷ್ಯನನ್ನು ಹೀಗೆ ಮಲಗಿಸಿ ಮಂಗಳಕ್ಕೆ ಒಯ್ಯುವ ಮಾತು ಈಗ ಬಹಳವಾಗಿದೆ. ಅಂತರಿಕ್ಷ ನಿಲ್ದಾಣದಲ್ಲಿರುವವರು ಸ್ನಾಯು ಉಳಿಸಿಕೊಳ್ಳಲು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಬೇಕಾಗಿರುವುದರಿಂದ ಆ ಆಸಕ್ತಿ ಸಹಜ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ ಸ್ನಾಯುಕೋಶಗಳ ಪ್ರಯೋಗವನ್ನು ಶುಭಾಂಶು ಶುಕ್ಲಾ ಅವರು 2025ರಲ್ಲಿ ಅಲ್ಲಿ ನಡೆಸಿದರೆಂಬುದು ನಮಗೆ ಹೆಮ್ಮೆಯೇ. ಆದರೆ ತೊಡೆಮೂಳೆ ಮುರಿದು ಮಲಗಿದ ಅಜ್ಜಿಯರು ಯಾವ ಊರಿನಲ್ಲಿಲ್ಲ? ಮೂಳೆ ಕೂಡಿಕೊಂಡರೂ ಸವೆದ ಕಾಲಿನಿಂದ ಮತ್ತೆ ಏಳಲಾರದವರು ಎಷ್ಟು ಮಂದಿ! ಯೂರಿಯವನ್ನು ಒಡೆಯುವ ಸೂಕ್ಷ್ಮಜೀವಿಗಳು ಅವರ ಕರುಳಿನಲ್ಲಿಯೂ ಇವೆ. ಅವು ಬಿಡುವ ಸಾರಜನಕದಲ್ಲಿ ಎಷ್ಟು ಪಾಲು ಕಾಲಿನ ಸ್ನಾಯುವಿಗೆ ಮರಳುವಂತೆ ಮಾಡಬಹುದೆಂಬ ಪ್ರಶ್ನೆಯನ್ನು, ನನ್ನ ಮಟ್ಟಿಗೆ, ಮಂಗಳಯಾನಿಗಿಂತ ಮೊದಲು ಆಸ್ಪತ್ರೆಯ ವಾರ್ಡಿನಲ್ಲಿ ಕೇಳಬೇಕು.