ಬಂಡೆ ಬರೆದಿಟ್ಟ ಲೆಕ್ಕ

ಸಮುದ್ರದ ಅಂಚಿನಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಶಿಲಾಭಿತ್ತಿಯೊಂದು ಕುಸಿದ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಕಡಲ ಕೊರೆತ ಅನಾದಿಯಿಂದಲೂ ಇದ್ದದ್ದೇ’ ಎಂಬುದೊಂದು. ‘ಸಮುದ್ರಮಟ್ಟದ ಏರಿಕೆಯೊಂದೇ ಇದಕ್ಕೆಲ್ಲ ಕಾರಣ’ ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳೆಂದು ನಾವು ಭಾವಿಸುತ್ತೇವೆ. ಇಂಗ್ಲೆಂಡಿನ ದಕ್ಷಿಣ ತೀರದ ಬೀಚಿ ಹೆಡ್ ಎಂಬಲ್ಲಿನ ಸೀಮೆಸುಣ್ಣದ ಭಿತ್ತಿಗಳೇ ಇದಕ್ಕೆ ನಿದರ್ಶನ.

ಭಿತ್ತಿಯು ಎಷ್ಟು ಹಿಂದೆ ಸರಿದಿದೆಯೆಂಬುದನ್ನು ಹಳೆಯ ನಕ್ಷೆಗಳಿಂದ ತಿಳಿಯಬಹುದು. ಆದರೆ ಅಲ್ಲಿನ ನಕ್ಷೆಗಳು ನಮ್ಮನ್ನು ಸುಮಾರು 150 ವರ್ಷಗಳಷ್ಟು ಹಿಂದಕ್ಕೆ ಮಾತ್ರ ಒಯ್ಯಬಲ್ಲವು. ಅದಕ್ಕೂ ಹಿಂದಿನ ಲೆಕ್ಕವನ್ನು ಬಂಡೆಯೇ ಬರೆದಿಟ್ಟಿದೆ. ಭಿತ್ತಿ ಸರಿದಂತೆಲ್ಲ ಅದರ ಬುಡದಲ್ಲಿ ಹಾಸುಬಂಡೆಯೊಂದು ಬಯಲಾಗುತ್ತದೆ. ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ಅಲ್ಲಿಯ ಚಕಮಕಿ ಕಲ್ಲನ್ನು ತಾಕಿದಾಗ ಬೆರಿಲಿಯಮ್-10 ಎಂಬ ಪರಮಾಣುಗಳು ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ. ಕಲ್ಲು ಬಯಲಾಗಿ ಹೆಚ್ಚು ಕಾಲ ಕಳೆದಷ್ಟೂ ಅವುಗಳ ಸಂಚಯ ಹೆಚ್ಚು. ಇವನ್ನು ಎಣಿಸಿದ ವಿಜ್ಞಾನಿಗಳು 2016ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸಾವಿರಾರು ವರ್ಷಗಳ ಕಾಲ ವರ್ಷಕ್ಕೆ 2ರಿಂದ 6 ಸೆಂಟಿಮೀಟರಿನಂತೆ ಸವೆಯುತ್ತಿದ್ದ ಭಿತ್ತಿಗಳು ಕಳೆದ 150 ವರ್ಷಗಳಲ್ಲಿ 22ರಿಂದ 32 ಸೆಂಟಿಮೀಟರಿನಂತೆ ಸವೆದಿವೆ! ‘ಇದ್ದದ್ದೇ’ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

ಹಾಗಾದರೆ ಸಮುದ್ರಮಟ್ಟದ ಪಾತ್ರವೇನು? ಹಾಸುಬಂಡೆ ಅಗಲವಾದಂತೆ ಅಲೆಗಳು ಅದರ ಮೇಲೆಯೇ ಒಡೆದು ಶಕ್ತಿಗುಂದುತ್ತವೆ. ಕೊರೆತ ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ನೀರು ಏರಿದರೆ ಆ ಕಡಿವಾಣ ಸಡಿಲುತ್ತದೆ. ಆಳವಾದ ನೀರಿನಲ್ಲಿ ಅಲೆಗಳು ಒಡೆಯದೆ ಮುಂದುವರಿದು ಭಿತ್ತಿಯ ಬುಡಕ್ಕೇ ಬಡಿಯುತ್ತವೆ. ಜಗತ್ತಿನ ಸರಾಸರಿ ಸಮುದ್ರಮಟ್ಟ 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ.

ಆದರೆ ಬೀಚಿ ಹೆಡ್ಡಿನಲ್ಲಿ ಕೊರೆತ ಇಷ್ಟು ತೀವ್ರವಾದುದಕ್ಕೆ ಭಿತ್ತಿಯ ಮುಂದಿನ ಗುಂಡುಗಲ್ಲುಗಳ ದಂಡೆ ತೆಳುವಾದುದೂ ಕಾರಣವಿರಬೇಕೆಂದು ಆ ಸಂಶೋಧಕರು ಸೂಚಿಸಿದ್ದಾರೆ. ಅಲೆಯ ಪೆಟ್ಟನ್ನು ತಡೆಯುವ ಗುರಾಣಿಯೇ ಈ ದಂಡೆ. ಒಂದು ಊರಿನ ರಕ್ಷಣೆಗೆಂದು ಕಟ್ಟಿದ ತಡೆಗೋಡೆಗಳು ತೀರದುದ್ದಕ್ಕೂ ಸಾಗುವ ಕಲ್ಲುಮರಳನ್ನು ತಡೆಹಿಡಿದಾಗ ಮುಂದಿನ ಊರಿನ ಗುರಾಣಿ ಕರಗುತ್ತದೆ. ನಾವು ಸಮುದ್ರದ ಮೇಲೆ ಹೊರಿಸುವ ದೋಷದಲ್ಲಿ ಮನುಷ್ಯನ ಪಾಲೂ ಉಂಟು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಅದೇ ತೀರದ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭದ ಕಟ್ಟಡವನ್ನು 1999ರಲ್ಲಿ 17 ಮೀಟರ್ ಒಳಕ್ಕೆ ಸರಿಸಬೇಕಾಯಿತು. ವರ್ಷಕ್ಕೆ 6 ಸೆಂಟಿಮೀಟರಿನ ಹಳೆಯ ವೇಗದಲ್ಲಾದರೆ ಆ ಅಂತರ 280 ವರ್ಷಗಳಿಗೂ ಸಾಕು. 32 ಸೆಂಟಿಮೀಟರಿನ ವೇಗದಲ್ಲಿ 53 ವರ್ಷಗಳಿಗೆ ಮುಗಿಯುತ್ತದೆ. ಅಲ್ಲದೆ ಭಿತ್ತಿಯು ವರ್ಷವರ್ಷವೂ ಅಳೆದಂತೆ ಸವೆಯುವುದಿಲ್ಲ. ಬಹುಕಾಲ ಸುಮ್ಮನಿದ್ದು ಒಮ್ಮೆಲೇ ಹಲವು ಮೀಟರ್ ಕುಸಿಯಬಹುದು.

ಆದಕಾರಣ ಯಾವ ದೇಶದ ತೀರದಲ್ಲೇ ಆಗಲಿ, ಮನೆ, ರಸ್ತೆ, ತಡೆಗೋಡೆಗಳನ್ನು ಕಟ್ಟುವ ಮೊದಲು ಬಂಡೆಯ ದೀರ್ಘ ಲೆಕ್ಕವನ್ನು ಓದಬೇಕು, ಏರುತ್ತಿರುವ ನೀರಿನ ಲೆಕ್ಕವನ್ನೂ ಅದಕ್ಕೆ ಕೂಡಿಸಬೇಕೆಂಬುದು ನಮ್ಮ ಮತ. ಕೊಚ್ಚಿಹೋದ ಮರಳು ಮತ್ತೊಂದು ಋತುವಿನಲ್ಲಿ ಮರಳಿ ಬರಬಹುದು. ಬಿದ್ದ ಬಂಡೆಯನ್ನು ಯಾವ ಕಡಲೂ ಹಿಂದಕ್ಕೆ ತಂದು ನಿಲ್ಲಿಸುವುದಿಲ್ಲ.