ಮಳೆಗಾಲಕ್ಕೆ ಮುಂಚೆ ಒಮ್ಮೆ ಚಕ್ರ ಬಿಚ್ಚಿರಿ



ಈ ಪುಟದಲ್ಲಿ ಸಾಮಾನ್ಯವಾಗಿ ಧಾರಣೆ, ಗೊಬ್ಬರ, ಕೊಳೆರೋಗಗಳ ಮಾತು ಬರುತ್ತದೆ. ಈ ಸಲ ಗಾಡಿಯ ಚಕ್ರದ ವಿಷಯ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ಯಾರಾದರೂ ನಕ್ಕರೆ ಅಡ್ಡಿಯಿಲ್ಲ. ಕೊನೆಯವರೆಗೂ ಓದಿ ಆಮೇಲೆ ನಗಲಿ.

ಕೊಯ್ಲಿನ ಕೆಲಸವೆಲ್ಲ ಮುಗಿದ ಮೇಲೆ, ಕಳೆದ ಫೆಬ್ರವರಿಯಲ್ಲಿ, ಮನೆಮಂದಿಯೊಡನೆ ಬಸವಕಲ್ಯಾಣಕ್ಕೆ ಹೊರಟಿದ್ದೆ. ಹುಮನಾಬಾದ್ ದಾಟಿ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ರಾಜೇಶ್ವರದ ಹತ್ತಿರ ಬರುವಾಗ ಹಿಂದಿನ ಎಡಗಡೆಯ ಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ನಟ್ಟುಗಳೂ ಬಿಚ್ಚಿಕೊಂಡವು. ಆದರೆ ಚಕ್ರ ಮಾತ್ರ ಹಬ್ ಬಿಟ್ಟು ಬರಲಿಲ್ಲ. ಎಳೆದೆವು, ಅಲುಗಾಡಿಸಿದೆವು. ಮಗ ಕಾಲಿನಿಂದ ಒದ್ದ. ಗಾಡಿ ಜಾಕಿನ ಮೇಲೆ ತೂಗಾಡಿತೇ ಹೊರತು ಚಕ್ರ ಕದಲಲಿಲ್ಲ. ಹೀಗೆಯೇ ಒಂದು ಗಂಟೆ ಕಳೆಯಿತು.

ಕೊನೆಗೆ ಊರಿನ ಪಂಕ್ಚರ್ ಅಂಗಡಿಯ ಹುಡುಗನೊಬ್ಬ ಬಂದ. ಗಾಡಿಯ ಅಡಿಯನ್ನೊಮ್ಮೆ, ನಂಬರನ್ನೊಮ್ಮೆ ನೋಡಿ, "ಮಳಿ ಸೀಮಿ ಗಾಡಿ ಅದ ಕಾಕಾ. ಗಾಲಿ ಹಬ್ಬಿಗಿ ಕಚ್ಚಿ ಕುಂತದ. ಒದೀಬ್ಯಾಡ್ರಿ, ಜಾಕ್ ಬೀಳ್ತದ," ಎಂದ. ನಟ್ಟುಗಳನ್ನೆಲ್ಲ ಮತ್ತೆ ಹಾಕಿ, ಕೈಯಿಂದ ಕೊನೆಯವರೆಗೂ ತಿರುಗಿಸಿ, ಒಂದೊಂದನ್ನೂ ಒಂದು ಸುತ್ತು ಮಾತ್ರ ಸಡಿಲಿಸಿದ. ಜಾಕ್ ಇಳಿಸಿದ. ರಸ್ತೆಯ ಪಕ್ಕದ ಸಮನೆಲದಲ್ಲಿ ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ ಗಾಡಿ ಚಲಿಸಿ ಮೆಲ್ಲಗೆ ಬ್ರೇಕು ಒತ್ತಲು ನನಗೆ ಹೇಳಿದ. ಮೂರನೆಯ ಸಲಕ್ಕೆ 'ಠಣ್' ಎಂದು ಸದ್ದಾಯಿತು. ಮತ್ತೆ ಜಾಕ್ ಕೊಟ್ಟು ನಟ್ಟು ತೆಗೆದರೆ ಚಕ್ರ ಕೈಗೇ ಬಂತು. ನಾವು ಒಂದು ಗಂಟೆ ಗುದ್ದಾಡಿ ಸೋತದ್ದನ್ನು ಗಾಡಿಯ ಭಾರವೇ ಐದು ನಿಮಿಷದಲ್ಲಿ ಮಾಡಿತ್ತು.

ಬಿಚ್ಚಿದ ಚಕ್ರದ ನಡುವಿನ ತೂತಿನ ಸುತ್ತ ತುಕ್ಕು ಹಪ್ಪಳದಂತೆ ಎದ್ದಿತ್ತು. ಅದರ ಮೇಲೆ ಅಲ್ಲಲ್ಲಿ ನೀಲಿ ಛಾಯೆ. ಆ ನೀಲಿಯ ಗುರುತು ನನಗೆ ಚೆನ್ನಾಗಿಯೇ ಇತ್ತು. ಅದು ನಮ್ಮ ಮೈಲುತುತ್ತ.

1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣದ ದಾರಿ ತೋರಿಸಿಕೊಟ್ಟರು. ಅಂದಿನಿಂದ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ನಮಗೆ ಬಾಯಿಪಾಠ. ತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬುದೂ ಗೊತ್ತು. ದ್ರಾವಣ ಸರಿಯಾಗಿದೆಯೇ ಎಂದು ಕತ್ತಿ ಅದ್ದಿ, ಕೆಂಪು ಕೂರುತ್ತದೆಯೇ ಎಂದು ನೋಡುವವರೂ ನಾವೇ. ಆದರೆ ಅದೇ ತುತ್ತದ ಚೀಲವನ್ನೂ ದ್ರಾವಣದ ಡ್ರಮ್ಮನ್ನೂ ಗಾಡಿಯ ಹಿಂಭಾಗದಲ್ಲಿ ಹೇರಿ, ಚೆಲ್ಲಿದ್ದು ಚಕ್ರದ ಮೇಲೆ ಇಳಿದರೆ ನಮಗೆ ಯೋಚನೆಯಿಲ್ಲ. ತಾಮ್ರದ ಅಂಶ ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ತುಕ್ಕನ್ನು ಇನ್ನಷ್ಟು ಬೇಗ ಏರಿಸುತ್ತದೆ. ಇದರ ಮೇಲೆ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ; ಬೀದರ ಜಿಲ್ಲೆಯಲ್ಲಿ ಸಾವಿರವೂ ಇಲ್ಲ. ನಮ್ಮ ಗಾಡಿಯ ಜಾತಕವನ್ನು ಆ ಹುಡುಗ ಒಂದೇ ನೋಟಕ್ಕೆ ಓದಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಯೂಮಿನಿಯಂ ಚಕ್ರ ಹಾಕಿಸಿದವರು ತಮಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿ. ಅಲ್ಯೂಮಿನಿಯಮ್ಮೂ ಉಕ್ಕೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿ ಕೂತರೆ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ.

ರಾಜೇಶ್ವರದಲ್ಲಿ ಹಗಲಿತ್ತು, ಬಿಸಿಲಿತ್ತು, ಹತ್ತಿರದಲ್ಲೇ ಅಂಗಡಿಯಿತ್ತು. ನಮ್ಮ ಘಟ್ಟದ ರಾತ್ರಿಯಲ್ಲಿ ಇವು ಮೂರೂ ಇರುವುದಿಲ್ಲ. ಮೂರು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ, ನಮ್ಮ ತೋಟದ ಕೆಲಸದಾಳಿಗೆ ಹಾವು ಕಚ್ಚಿತು. ಆತನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ಕಿರುಸೇತುವೆಯ ಬಳಿ ಚಕ್ರದ ಗಾಳಿ ಹೋಯಿತು. ಚಕ್ರ ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಮಗ ಓಡಿಹೋಗಿ ನೆರೆಮನೆಯ ಗಾಡಿ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಆತ ಬದುಕಿಕೊಂಡ, ಅದು ಆತನ ಆಯುಸ್ಸಿನಿಂದ, ನಮ್ಮ ಜಾಗ್ರತೆಯಿಂದಲ್ಲ. ಅಂದು ನಾನು ಮಳೆಯನ್ನು ದೂರಿದೆ, ರಸ್ತೆಯನ್ನು ದೂರಿದೆ. ತಪ್ಪು ನನ್ನದು ಎಂದು ತಿಳಿದದ್ದು ರಾಜೇಶ್ವರದಲ್ಲಿ. ಆ ಜೀಪಿನ ಚಕ್ರವನ್ನು ಎರಡು ಮಳೆಗಾಲ ಯಾರೂ ಬಿಚ್ಚಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪ್ರತಿ ವರ್ಷ ಮೇ ತಿಂಗಳಲ್ಲಿ, ಕೊಟ್ಟೆ ಕಟ್ಟುವ ಅಥವಾ ಔಷಧಿ ಹೊಡೆಯುವ ತಯಾರಿಯ ಜೊತೆಗೇ, ಪ್ರತಿಯೊಬ್ಬ ಸದಸ್ಯರೂ ತಮ್ಮ ಗಾಡಿಯ ನಾಲ್ಕೂ ಚಕ್ರಗಳನ್ನು ಒಮ್ಮೆ ಬಿಚ್ಚಿ ಹಾಕಬೇಕು. ಹಬ್ಬಿನ ಮುಖವನ್ನೂ ಚಕ್ರದ ನಡುತೂತನ್ನೂ ತಂತಿ ಬ್ರಷ್ಷಿನಿಂದ ತಿಕ್ಕಿ, ನಡುವಿನ ಉಬ್ಬಿದ ಬಳೆಗೆ ಮಾತ್ರ ಗ್ರೀಸನ್ನು ತೆಳ್ಳಗೆ ಸವರಬೇಕು. ಬೋಲ್ಟಿನ ಮರೆಗೆ, ನಟ್ಟು ಕೂರುವ ಜಾಗಕ್ಕೆ, ಬ್ರೇಕಿಗೆ ಗ್ರೀಸ್ ತಾಗಬಾರದು. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರ್ ಓಡಿದೊಳಗೆ ಇನ್ನೊಮ್ಮೆ ಪರೀಕ್ಷಿಸಬೇಕು. ಗಾಳಿ ಗನ್ನಿನಿಂದ ಬಿಗಿಸಿಕೊಂಡು ಬಂದವರು ಮನೆಗೆ ಬಂದ ಕೂಡಲೇ ಗಾಡಿಯಲ್ಲಿರುವ ಸ್ಪ್ಯಾನರಿನಿಂದ ನಟ್ಟು ಕದಲುತ್ತದೆಯೇ ನೋಡಿಕೊಳ್ಳಿ. ಮನೆಯಂಗಳದಲ್ಲಿ ಬರದ ನಟ್ಟು ಕಾಡುದಾರಿಯಲ್ಲಿ ಬಂದೀತೇ?

ಹೀಗಿದ್ದೂ ಚಕ್ರ ಕಚ್ಚಿದರೆ ರಾಜೇಶ್ವರದ ಉಪಾಯವೇ ಮೊದಲು. ಮುಖ್ಯ ರಸ್ತೆಗೆ ಮಾತ್ರ ಹಾಗೆ ಇಳಿಯಬೇಡಿ. ಅದಕ್ಕೂ ಬಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಬ್ರೇಕಿಗೆ ತಾಗದಂತೆ ನಡುತೂತಿನ ಸುತ್ತ ಬಿಟ್ಟು ಕಾಲು ಗಂಟೆ ಕಾಯಿರಿ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನ ಜೊತೆಗೆ ಚಾಸಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡು ಕೊಟ್ಟ ಮೇಲೆ, ಟೈರಿನ ರಬ್ಬರಿಗೆ ಮರದ ಕೊಡತಿಯಿಂದ ಸುತ್ತ ಬಡಿಯಿರಿ; ಒಂದೆರಡು ನಟ್ಟು ತುದಿಯಲ್ಲಿ ಇರಲಿ. ಬರೀ ಜಾಕನ್ನು ನಂಬಿ ಗಾಡಿಯ ಅಡಿಗೆ ತಲೆ ಹಾಕಬೇಡಿ. ಬೆಂಕಿಯಿಂದ ಕಾಯಿಸುವುದಂತೂ ಬೇಡವೇ ಬೇಡ. ಬಿಸಿಗೆ ಟೈರು ಸಿಡಿದರೆ ಪ್ರಾಣಕ್ಕೇ ಸಂಚಕಾರ.

ಇದೆಲ್ಲ ಗ್ಯಾರೇಜಿನವರ ಕೆಲಸ, ನಮ್ಮದಲ್ಲ ಎನ್ನುವವರಿದ್ದಾರೆ. ಪಲ್ಪರಿನ ಅಲಗನ್ನು, ಪಂಪಿನ ವಾಷರನ್ನು ನಾವೇ ಬಿಚ್ಚಿ ಹಾಕುವುದಿಲ್ಲವೇ? ಅವು ಕೆಟ್ಟರೆ ಒಂದು ದಿನದ ಕೆಲಸ ನಿಂತೀತು. ಇದು ಕೈಕೊಟ್ಟರೆ ನಿಲ್ಲುವುದು ಏನೆಂದು ಮೇಲೆ ಹೇಳಿದ್ದೇನೆ. ಪೇಟೆಗೆ ಹೋಗಿ ಬರುವ ಅರ್ಧ ದಿನಕ್ಕಿಂತ ಅಂಗಳದ ಎರಡು ಗಂಟೆ ಅಗ್ಗವೂ ಹೌದು.

ಎರಡು ಜೊತೆ ಸ್ಟ್ಯಾಂಡು, ಒಂದು ಅಡ್ಡ ಸ್ಪ್ಯಾನರು, ಒಂದು ಕೊಡತಿಯನ್ನು ಸಂಘದ ಗೋದಾಮಿನಲ್ಲಿಟ್ಟು, ಸದಸ್ಯರಿಗೆ ಬಾಡಿಗೆಯಿಲ್ಲದೆ ಎರವಲು ಕೊಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಸೂಚಿಸಲಿದ್ದೇನೆ. ಮೊದಲು ಬಿಚ್ಚುವುದು ಸಂಘದ ಪಿಕಪ್ಪಿನ ಚಕ್ರ. ನೋಡಲು ಬಂದವರು ಒಂದು ಕೈ ಹಾಕಿದರೆ ಸಂತೋಷ.